ಶಾಲಾ ಮಂಡಳಿಗೆ ನಿಂತು ಸೋತವರು ರಾಜ್ಯದ ಶಾಸನಸಭೆಗೆ ನಿಲ್ಲಬಹುದೇ? ಅಯೋವಾದಿಂದ ಒಂದು ಪ್ರಶ್ನೆ

ಸೀಡರ್ ದಂಡೆ
ನಾನು ಅಮೆರಿಕದ ಅಯೋವಾ ರಾಜ್ಯದ ಪೂರ್ವಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಾಸವಾಗಿದ್ದೇನೆ. ನಮ್ಮ ಊರಿನಲ್ಲಿ ಹದಿನೈದು ಕನ್ನಡ ಕುಟುಂಬಗಳಿವೆ. ಅವುಗಳಲ್ಲೊಂದರ ಮಹಿಳೆ, ವೃತ್ತಿಯಿಂದ ಲೆಕ್ಕಪರಿಶೋಧಕರು, ಕಳೆದ ಚುನಾವಣೆಯಲ್ಲಿ ಇಲ್ಲಿನ ಶಾಲಾ ಮಂಡಳಿಗೆ ನಿಂತು ಕೆಲವೇ ಮತಗಳಿಂದ ಸೋತರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಬೇಡವೆಂದಿದ್ದಾರೆ. ಈಗ ಸ್ಥಳೀಯ ಪಕ್ಷವೊಂದರವರು ಅವರ ಮನೆಗೆ ಬಂದು, ರಾಜ್ಯದ ಪ್ರತಿನಿಧಿ ಸಭೆಗೆ ನಿಲ್ಲಿ ಎಂದು ಕೇಳಿದ್ದಾರೆ. ನಮ್ಮಲ್ಲಿ ಅರ್ಧ ಜನ ಇದೊಂದು ಅವಕಾಶ ಎನ್ನುತ್ತಾರೆ. ಉಳಿದರ್ಧ, ಶಾಲಾ ಮಂಡಳಿಯನ್ನೇ ಗೆಲ್ಲಲಾಗದವರು ಶಾಸನಸಭೆಯನ್ನು ಹೇಗೆ ಗೆದ್ದಾರು ಎಂದು ಕೇಳುತ್ತಾರೆ.

ಇದೇ ದಾರಿಯಲ್ಲಿ ನಡೆದವರು ನಮ್ಮ ರಾಜ್ಯದಲ್ಲಿಯೇ ಇದ್ದಾರೆ. ನಾಗಪುರದಲ್ಲಿ ಬೆಳೆದ ಸ್ವಾತಿ ದಾಂಡೇಕರ್ ಅವರು 1973ರಲ್ಲಿ ಸೀಡರ್ ರ‍್ಯಾಪಿಡ್ಸ್ ಪಕ್ಕದ ಮರಿಯನ್ ಪಟ್ಟಣಕ್ಕೆ ಬಂದರು. 1996ರಲ್ಲಿ ಅಲ್ಲಿನ ಲಿನ್-ಮಾರ್ ಶಾಲಾ ಮಂಡಳಿಗೆ ಆಯ್ಕೆಯಾದರು, 2002ರಲ್ಲಿ ಅಯೋವಾ ಪ್ರತಿನಿಧಿ ಸಭೆಗೆ, 2008ರಲ್ಲಿ ರಾಜ್ಯದ ಸೆನೆಟ್‌ಗೆ ಗೆದ್ದರು. ಅಮೆರಿಕದ ರಾಜ್ಯ ಶಾಸನಸಭೆಯೊಂದಕ್ಕೆ ಆಯ್ಕೆಯಾದ ಭಾರತೀಯ ಮೂಲದ ಮೊದಲಿಗರು ಅವರೇ. ಆದರೆ ಅವರು ಮೊದಲು ಮಂಡಳಿಯನ್ನು ಗೆದ್ದು, ಆರು ವರ್ಷ ಕೆಲಸ ಮಾಡಿದ ಮೇಲೆ ಮುಂದಕ್ಕೆ ಹೋದರು. ಸೋತವರು ಏನು ಮಾಡಬೇಕು? ತಿಳಿದವರು ಹೇಳಬೇಕು.

ಕೆರೆಯ ಏರಿ
ಬೆಂಗಳೂರಿನಲ್ಲಿ ಕುಳಿತು ಓದುತ್ತಿರುವ ನನಗೆ ಒಂದು ಮೂಲಭೂತ ಸಂದೇಹವಿದೆ. ಈ ಶಾಲಾ ಮಂಡಳಿ ಎಂದರೆ ನಮ್ಮ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಹಾಗೆಯೇ? ಹಾಗಿದ್ದರೆ ಅದಕ್ಕೆ ಚುನಾವಣೆ, ಪ್ರಚಾರ, ಸೋಲು ಇವೆಲ್ಲ ಏಕೆ?

ಜೋಳದ ನಾಡು
ಒಂದು ತಿದ್ದುಪಡಿಯನ್ನು ಮೊದಲು ಹೇಳಿಬಿಡುತ್ತೇನೆ. ರಾಜ್ಯ ಶಾಸನಸಭೆಗೆ ಆಯ್ಕೆಯಾದ ಭಾರತೀಯ ಮೂಲದ ಮೊದಲಿಗರು ಮೇರಿಲ್ಯಾಂಡಿನ ಕುಮಾರ್ ಬರ್ವೆ, 1990ರ ಚುನಾವಣೆಯಲ್ಲಿ. ಭಾರತೀಯ ಮೂಲದ ಮೊದಲ ಮಹಿಳೆಯೂ ದಾಂಡೇಕರ್ ಅಲ್ಲ, 1994ರಲ್ಲಿ ವಯೋಮಿಂಗ್ ರಾಜ್ಯದಿಂದ ಆಯ್ಕೆಯಾದ ನಿಮಿ ಮೆಕಾನಿಗ್ಲಿ.

ಈಗ ಏರಿಯವರ ಪ್ರಶ್ನೆಗೆ ಬರುತ್ತೇನೆ. ಎಸ್‌ಡಿಎಂಸಿ ಒಂದು ಶಾಲೆಗೆ ಸೇರಿದ್ದು, ಅಲ್ಲಿನ ಮಕ್ಕಳ ಪೋಷಕರೇ ಅದರ ಜೀವಾಳ. ಇಲ್ಲಿನ ಶಾಲಾ ಮಂಡಳಿ ಒಂದಿಡೀ ಶಾಲಾ ಜಿಲ್ಲೆಗೆ ಸೇರಿದ್ದು, ಆ ಜಿಲ್ಲೆಯಲ್ಲಿ ಮಕ್ಕಳಿರುವವರೂ ಇಲ್ಲದವರೂ ಒಂದೇ ರೀತಿಯಲ್ಲಿ ಮತ ಹಾಕುತ್ತಾರೆ. ಅಯೋವಾದಲ್ಲಿ ಮಂಡಳಿಗೆ ಐದು ಅಥವಾ ಏಳು ಸದಸ್ಯರಿರುತ್ತಾರೆ, ಅವಧಿ ನಾಲ್ಕು ವರ್ಷ. ಅವರಿಗೆ ಸಂಬಳವಿಲ್ಲ. ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ. ಜಿಲ್ಲೆಯ ಶಾಲೆಗಳ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟರನ್ನು ನೇಮಿಸುವುದು, ವಾರ್ಷಿಕ ಆಯವ್ಯಯವನ್ನು ಒಪ್ಪುವುದು, ಯಾವ ಬಡಾವಣೆಯ ಮಕ್ಕಳು ಯಾವ ಶಾಲೆಗೆ ಹೋಗಬೇಕೆಂದು ಗಡಿ ಹಾಕುವುದು, ಹಳೆಯ ಶಾಲೆಯನ್ನು ಮುಚ್ಚುವುದು, ಇವೆಲ್ಲ ಅವರ ಕೈಯಲ್ಲಿವೆ. ಶಾಲೆ ಮುಚ್ಚುವ ಸಭೆಯೊಂದರಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಅಂದು ಕಣ್ಣೀರು ಹಾಕಿದವರಲ್ಲಿ ಆ ಶಾಲೆಯಲ್ಲಿ ಓದಿದ್ದ ಅಜ್ಜಂದಿರೂ ಇದ್ದರು.

ಈ ಚುನಾವಣೆ ಮೊದಲು ಸೆಪ್ಟೆಂಬರಿನಲ್ಲಿ ನಡೆಯುತ್ತಿತ್ತು, ಮತ ಹಾಕಲು ಬರುವವರು ತೀರ ಕಡಿಮೆ. 2019ರಿಂದ ನಗರಸಭೆಯ ಚುನಾವಣೆಯೊಂದಿಗೆ ಸೇರಿಸಿ, ಬೆಸಸಂಖ್ಯೆಯ ವರ್ಷಗಳ ನವೆಂಬರಿನಲ್ಲಿ ನಡೆಸುತ್ತಿದ್ದಾರೆ. ಆದ್ದರಿಂದ ಸೀಡರ್ ದಂಡೆಯವರ ಗೆಳತಿ ಕೆಲವೇ ಮತಗಳಿಂದ ಸೋತರೆಂಬುದನ್ನು ದೊಡ್ಡ ತಿರಸ್ಕಾರವೆಂದು ನಾನು ಎಣಿಸುವುದಿಲ್ಲ.

ಧಾರವಾಡದ ಮೇಷ್ಟ್ರು
ಏರಿಯವರೇ, ಸ್ಕೂಲ್ ಬೋರ್ಡ್ ಎಂಬ ಮಾತು ನಮ್ಮ ನಾಡಿಗೆ ಹೊಸದಲ್ಲ. ಮುಂಬೈ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಕಡೆ ಪ್ರಾಥಮಿಕ ಶಾಲೆಗಳನ್ನು ನೋಡಿಕೊಳ್ಳುತ್ತಿದ್ದುದೇ ಜಿಲ್ಲಾ ಸ್ಕೂಲ್ ಬೋರ್ಡು. ನನ್ನ ತಂದೆಯವರ ಮೊದಲ ನೇಮಕದ ಆದೇಶ ಬಂದದ್ದು ಅಲ್ಲಿಂದಲೇ, ಆ ಕಾಗದವನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಮುಂದೆ ಶಾಲೆಗಳೆಲ್ಲ ನೇರವಾಗಿ ಇಲಾಖೆಯ ಕೈಗೆ ಹೋದವು, 2001ರಲ್ಲಿ ಎಸ್‌ಡಿಎಂಸಿ ಬಂದಿತು. ಬೋರ್ಡಿಗಿದ್ದ ನೇಮಕದ ಅಧಿಕಾರ ಮಾತ್ರ ಊರಿನವರಿಗೆ ಮತ್ತೆ ಸಿಗಲಿಲ್ಲ ಎಂಬ ನೋವು ನನ್ನಂಥ ನಿವೃತ್ತರಿಗೆ ಇದೆ.

ಪಕ್ಷದ ಹೆಸರಿಲ್ಲದ ಚುನಾವಣೆಗೆ ಹೋಲಿಕೆ ಬೇಕಾದರೆ ನಮ್ಮ ಗ್ರಾಮ ಪಂಚಾಯಿತಿಯನ್ನು ನೋಡಿರಿ. ಅಲ್ಲಿಯೂ ಪಕ್ಷದ ಚಿಹ್ನೆ ಇರುವುದಿಲ್ಲ, ಆದರೆ ಯಾರು ಯಾರ ಕಡೆಯವರೆಂಬುದು ಊರಿನ ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಗೊತ್ತಿರುತ್ತದೆ. ಅಯೋವಾದಲ್ಲಿಯೂ ಹಾಗೆಯೇ ಆಗಿದೆಯೇ?

ಜೋಳದ ನಾಡು
ಆಗುತ್ತಿದೆ, ಮೇಷ್ಟ್ರೇ. ಮೊದಲು ಇಷ್ಟಿರಲಿಲ್ಲ. ಕೋವಿಡ್ ಕಾಲದಲ್ಲಿ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಮಾಡಬೇಕೇ ಬೇಡವೇ ಎಂಬ ಜಗಳದಿಂದ ಮಂಡಳಿಯ ಸಭೆಗಳು ಕಾವೇರಿದವು. 2021ರ ಮೇ ತಿಂಗಳಲ್ಲಿ ಶಾಲೆಗಳು ಮಾಸ್ಕ್ ಕಡ್ಡಾಯಗೊಳಿಸುವಂತಿಲ್ಲವೆಂದು ರಾಜ್ಯವೇ ಕಾನೂನು ತಂದಿತು. ಅಲ್ಲಿಂದೀಚೆಗೆ ಶಾಲಾ ಮಂಡಳಿಗೆ ನಿಂತವರನ್ನೂ ಜನ ಮೊದಲು ಕೇಳುವುದು, ನೀವು ಯಾವ ಪಕ್ಷ ಎಂದು.

ಹೇಮೆಯ ಮಗಳು
ನನ್ನ ಅಭಿಪ್ರಾಯ ಬಹುಶಃ ಇಲ್ಲಿ ಹಲವರಿಗೆ ಹಿಡಿಸಲಾರದು. ಶಾಲಾ ಮಂಡಳಿಯನ್ನು ಮೆಟ್ಟಿಲು ಎಂದು ಎಣಿಸುವುದೇ ತಪ್ಪು. ಮಕ್ಕಳ ಓದು, ಬಸ್ಸು, ಊಟ, ವಿಶೇಷ ಅಗತ್ಯದ ಮಕ್ಕಳ ಶಿಕ್ಷಣ, ಇವನ್ನು ನೋಡಿಕೊಳ್ಳಬೇಕಾದ ಜಾಗದಲ್ಲಿ ಮುಂದಿನ ಚುನಾವಣೆಯ ಮೇಲೆ ಕಣ್ಣಿಟ್ಟವರು ಕುಳಿತರೆ, ಕಠಿಣವಾದ ನಿರ್ಣಯಗಳನ್ನು ಅವರು ಮುಂದೂಡುತ್ತಲೇ ಹೋಗುತ್ತಾರೆ. ನಾನಿರುವ ಊರಿನ ಮಂಡಳಿಯಲ್ಲಿ ಒಬ್ಬರು ಇಪ್ಪತ್ತು ವರ್ಷ ಇದ್ದರು. ಬೇರೆ ಯಾವ ಹುದ್ದೆಗೂ ನಿಲ್ಲಲಿಲ್ಲ. ನನ್ನ ಮಗನಿಗೆ ಮಾತು ತಡವಾಗಿ ಬಂದಾಗ, ಶಾಲೆಯಲ್ಲಿ ಅವನಿಗೆ ಏನೇನು ನೆರವು ಸಿಗಬೇಕು, ಯಾರನ್ನು ಕೇಳಬೇಕು ಎಂದು ನನ್ನನ್ನು ಕೂರಿಸಿಕೊಂಡು ಒಂದು ಗಂಟೆ ವಿವರಿಸಿದವರು ಅವರು. ಅಕ್ಕಾ, ನಿಮ್ಮ ಗೆಳತಿಗೆ ಶಾಲೆಯ ಬಗ್ಗೆ ಕಾಳಜಿ ಇದ್ದರೆ ಮುಂದಿನ ಬಾರಿ ಮಂಡಳಿಗೇ ನಿಲ್ಲಲಿ.

ಜೋಳದ ನಾಡು
ಹೇಮೆಯ ಮಗಳು ಹೇಳಿದ ಸದಸ್ಯರ ಬಗ್ಗೆ ನನಗೂ ಗೌರವ ಮೂಡಿತು. ಆದರೂ ಅವರ ವಾದವನ್ನು ನಾನು ಒಪ್ಪಲಾರೆ. ಕಾರಣ ಹಣ.

ಅಯೋವಾದಲ್ಲಿ ಒಬ್ಬ ವಿದ್ಯಾರ್ಥಿಗೆ ಇಷ್ಟು ಎಂದು ಶಾಲೆಯ ಖರ್ಚಿನ ಮಿತಿಯನ್ನು ಹಾಕುವುದು ರಾಜ್ಯದ ಸೂತ್ರ. ಅದನ್ನು ಪ್ರತಿವರ್ಷ ಶೇಕಡಾ ಎಷ್ಟು ಹೆಚ್ಚಿಸಬೇಕೆಂದು ನಿರ್ಧರಿಸುವುದು ರಾಜಧಾನಿ ಡೆ ಮೊಯಿನ್‌ನಲ್ಲಿ ಸೇರುವ ಶಾಸನಸಭೆ. ಮಂಡಳಿಯವರು ತಮ್ಮ ಊರಿನ ಆಸ್ತಿ ತೆರಿಗೆಯನ್ನು ಮನಸ್ಸಿಗೆ ಬಂದಷ್ಟು ಏರಿಸಿ ಶಿಕ್ಷಕರ ಸಂಬಳ ಕೊಡಲು ಆಗುವುದಿಲ್ಲ. ಹೊಸ ಕಟ್ಟಡಕ್ಕೆ ಬಾಂಡ್ ಮೂಲಕ ಸಾಲ ಎತ್ತಬೇಕಾದರೆ ಜನಮತದಲ್ಲಿ ಶೇ. 60 ಒಪ್ಪಿಗೆ ಬೇಕು, ಆ ನಿಯಮವೂ ರಾಜ್ಯದ್ದೇ. ನಮ್ಮ ಜಿಲ್ಲೆಯಲ್ಲಿ ಒಮ್ಮೆ ಅರ್ಧಕ್ಕಿಂತ ಹೆಚ್ಚು ಜನ ಬೇಕು ಎಂದು ಮತ ಹಾಕಿಯೂ ಶಾಲೆಯ ಕಟ್ಟಡದ ಪ್ರಸ್ತಾವ ಬಿದ್ದುಹೋಯಿತು. ಆ ರಾತ್ರಿ ಮಂಡಳಿಯ ಸದಸ್ಯರೊಬ್ಬರು, ‘ಮನೆ ನಮ್ಮದು, ಕೀಲಿಕೈ ಬೇರೆಯವರ ಸೊಂಟದಲ್ಲಿದೆ’ ಎಂಬ ಅರ್ಥದ ಮಾತು ಹೇಳಿದ್ದನ್ನು ನಾನು ಮರೆತಿಲ್ಲ. 2023ರ ಜನವರಿಯಲ್ಲಿ, ಖಾಸಗಿ ಶಾಲೆಗೆ ಹೋಗುವ ಮಕ್ಕಳ ಶುಲ್ಕಕ್ಕೆ ರಾಜ್ಯದ ಹಣ ಕೊಡುವ ಕಾನೂನು ಬಂದಾಗಲೂ, ಅದನ್ನು ಬೆಂಬಲಿಸಿದವರೂ ವಿರೋಧಿಸಿದವರೂ ಹೋಗಿ ನಿಂತದ್ದು ಡೆ ಮೊಯಿನ್‌ನ ಮೆಟ್ಟಿಲ ಮೇಲೆ. ಶಾಲೆಯನ್ನು ಪ್ರೀತಿಸುವ ಲೆಕ್ಕಪರಿಶೋಧಕರು ಆಯವ್ಯಯದ ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿದರೆ, ಆ ಓದು ಅವರನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ಇದನ್ನು ಹುದ್ದೆಯ ಆಸೆ ಎನ್ನುವುದು ನ್ಯಾಯವಲ್ಲ.

ಹೇಮೆಯ ಮಗಳು
ಹಣದ ವಿಷಯ ನನಗೆ ಇಷ್ಟು ವಿವರವಾಗಿ ತಿಳಿದಿರಲಿಲ್ಲ, ತಿಳಿಸಿದ್ದಕ್ಕೆ ವಂದನೆಗಳು. ಆದರೂ ಮೊದಲು ಮಂಡಳಿಯಲ್ಲಿ ಕುಳಿತು ಪುಸ್ತಕ ಓದಲಿ, ಆಮೇಲೆ ಡೆ ಮೊಯಿನ್‌ಗೆ ಹೋಗಲಿ ಎಂಬುದೇ ನನ್ನ ಮಾತು.

ತುಂಗಾತೀರ
ದಾಂಡೇಕರ್ ಅವರನ್ನು ಮಾದರಿ ಎನ್ನುವ ಮೊದಲು 2011ನ್ನು ನೆನೆಯಬೇಕು. ಆ ವರ್ಷ ಅಯೋವಾ ಸೆನೆಟ್‌ನಲ್ಲಿ ಡೆಮಾಕ್ರಟರು 26, ರಿಪಬ್ಲಿಕನ್ನರು 24. ಇಂಥ ಹೊತ್ತಿನಲ್ಲಿ ಡೆಮಾಕ್ರಟಿಕ್ ಸದಸ್ಯೆಯಾಗಿದ್ದ ಅವರು, ರಿಪಬ್ಲಿಕನ್ ಗವರ್ನರ್ ಟೆರಿ ಬ್ರಾನ್‌ಸ್ಟಡ್ ಕೊಟ್ಟ ಯುಟಿಲಿಟಿ (ವಿದ್ಯುತ್ತು-ಅನಿಲ) ಮಂಡಳಿಯ ಹುದ್ದೆಯನ್ನು ಒಪ್ಪಿ, ನಾಲ್ಕು ವರ್ಷದ ಅವಧಿಯ ನಡುವೆಯೇ ಸ್ಥಾನ ಬಿಟ್ಟರು. ಆ ಸ್ಥಾನ ಹೋಗಿದ್ದರೆ ಸೆನೆಟ್ 25-25 ಆಗುತ್ತಿತ್ತು. ಸಲಿಂಗ ವಿವಾಹದ ವಿರುದ್ಧ ಸಂವಿಧಾನ ತಿದ್ದುಪಡಿಯನ್ನು ಸೆನೆಟ್‌ನ ಬಹುಮತವೊಂದೇ ತಡೆದು ನಿಲ್ಲಿಸಿದ್ದ ಕಾಲವದು. ಅವರನ್ನು ಗೆಲ್ಲಿಸಲು ಮನೆಮನೆಗೆ ನಡೆದ ಕಾರ್ಯಕರ್ತರಿಗೆ ಏನನ್ನಿಸಿರಬೇಕು?

ಸೀಡರ್ ದಂಡೆ
ತುಂಗಾತೀರದವರೇ, ನೀವು ಹೇಳಿದ ಸಂಗತಿ ನಿಜ. ಆದರೆ ಆ ಕಥೆಯ ಮುಂದಿನ ಭಾಗವನ್ನೂ ಹೇಳಬೇಕು. 2011ರ ನವೆಂಬರ್ 8ರಂದು ಉಪಚುನಾವಣೆ ನಡೆದು ದೂರದರ್ಶನದ ವಾರ್ತಾವಾಚಕಿಯಾಗಿದ್ದ ಲಿಜ್ ಮ್ಯಾಥಿಸ್ ಗೆದ್ದರು, ಬಹುಮತ ಉಳಿಯಿತು. ದಾಂಡೇಕರ್ ಅವರು 2008ರಲ್ಲಿ ಗೆದ್ದದ್ದಾದರೂ ಯಾವ ಸ್ಥಾನ? ಅದು ರಿಪಬ್ಲಿಕನ್ ನಾಯಕಿ ಮೇರಿ ಲಂಡ್‌ಬಿ ಅವರದಾಗಿತ್ತು. ಅದನ್ನು ಪಕ್ಷಕ್ಕೆ ತಂದುಕೊಟ್ಟವರೇ ದಾಂಡೇಕರ್.

ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 2002. ಸೆಪ್ಟೆಂಬರ್ 11ರ ದಾಳಿ ನಡೆದು ಒಂದೇ ವರ್ಷವಾಗಿತ್ತು. ಅವರ ಎದುರಾಳಿ ಒಂದು ಇ-ಮೇಲ್ ಬರೆದರು. ತಾನು ಅಯೋವಾದಲ್ಲಿ ರಾಷ್ಟ್ರಧ್ವಜಕ್ಕೆ ನಿಷ್ಠೆಯ ಪ್ರತಿಜ್ಞೆ ಹೇಳುತ್ತ ಬೆಳೆಯುತ್ತಿದ್ದಾಗ ಈಕೆ ಭಾರತದಲ್ಲಿ, ಜಾತಿಪದ್ಧತಿಯ ನಡುವೆ ಬೆಳೆಯುತ್ತಿದ್ದಳು, ಅಂಥವಳು ಇಲ್ಲಿ ಹೇಗೆ ಕಾನೂನು ಮಾಡಿಯಾಳು ಎಂಬುದು ಅದರ ಸಾರ. ಅದು ಪತ್ರಿಕೆಗಳಿಗೆ ಬಂದಿತು, ರಾಜ್ಯದಾಚೆಗೂ ಸುದ್ದಿಯಾಯಿತು. ಮತದಾರರು ದಾಂಡೇಕರ್ ಅವರನ್ನೇ ಆರಿಸಿದರು. ಅವರು ಆ ಊರಿಗೆ ಬಂದು ಆಗ ಇಪ್ಪತ್ತೊಂಬತ್ತು ವರ್ಷ, ಶಾಲಾ ಮಂಡಳಿ ಸೇರಿ ಆರು ವರ್ಷ. ಮಕ್ಕಳ ಶಾಲೆಯ ಸಭೆಯಲ್ಲಿ ತಿಂಗಳುಗಟ್ಟಲೆ ನೋಡಿದ ಮುಖವನ್ನು ಪರಕೀಯಳೆಂದು ನಂಬಿಸುವುದು ಕಷ್ಟ. ನನ್ನ ಗೆಳತಿಗೆ ಆ ಆರು ವರ್ಷಗಳ ರಕ್ಷೆ ಇಲ್ಲ ಎಂಬುದೇ ನನ್ನ ಭಯ.

ತುಂಗಾತೀರ
2002ರ ಬಗ್ಗೆ ನನಗೆ ಭಿನ್ನಾಭಿಪ್ರಾಯವಿಲ್ಲ, ಆ ಇ-ಮೇಲ್ ಓದಿ ನಾನೂ ನೊಂದಿದ್ದೆ. ಆದರೆ ಬಹುಮತ ಉಳಿದದ್ದು ಮ್ಯಾಥಿಸ್ ಅವರ ದುಡಿಮೆಯಿಂದ. ಅದನ್ನು ರಾಜೀನಾಮೆಯ ಸಮರ್ಥನೆಗೆ ಬಳಸಬಾರದು. ಮತದಾರರು ಕೊಟ್ಟ ಅವಧಿಯನ್ನು ಪೂರೈಸುವುದು ಮೊದಲ ಕರ್ತವ್ಯ. 2013ರಲ್ಲಿ ಆ ಯುಟಿಲಿಟಿ ಮಂಡಳಿಯನ್ನೂ ಬಿಟ್ಟು ಅಮೆರಿಕದ ಕಾಂಗ್ರೆಸ್‌ಗೆ ನಿಂತರು, 2014ರ ಜೂನ್‌ನಲ್ಲಿ ಪಕ್ಷದೊಳಗಿನ ಆಯ್ಕೆಯಲ್ಲಿಯೇ ಪ್ಯಾಟ್ ಮರ್ಫಿ ಅವರೆದುರು ಸೋತರು. ಕಾರ್ಯಕರ್ತರು 2011ನ್ನು ಮರೆತಿರಲಿಲ್ಲ ಎಂದೇ ನಾನು ಭಾವಿಸುತ್ತೇನೆ.

ಜೋಳದ ನಾಡು
ಆ ಸೋಲಿಗೆ ಅದೊಂದೇ ಕಾರಣ ಎನ್ನಲಾಗದು, ಕಣದಲ್ಲಿ ಐವರಿದ್ದರು. ಯುಟಿಲಿಟಿ ಮಂಡಳಿಯೂ ಸಣ್ಣ ಕೆಲಸವಲ್ಲ, ಇಡೀ ರಾಜ್ಯದ ವಿದ್ಯುತ್ತು ಮತ್ತು ಅನಿಲದ ದರಗಳ ಮೇಲೆ ಕಣ್ಣಿಡುವ ಮೂವರಲ್ಲಿ ಒಬ್ಬರಾಗುವುದು ಸಾರ್ವಜನಿಕ ಸೇವೆಯೇ. ಮುಂದೆ ಒಬಾಮಾ ಅವರು ದಾಂಡೇಕರ್ ಅವರನ್ನು ಏಷ್ಯನ್ ಅಭಿವೃದ್ಧಿ ಬ್ಯಾಂಕಿನಲ್ಲಿ ಅಮೆರಿಕದ ಪ್ರತಿನಿಧಿಯಾಗಿ ಕಳುಹಿಸಿದರು. ಆದರೆ ಅವಧಿ ಪೂರೈಸಬೇಕಿತ್ತೆಂಬ ಮಾತಿಗೆ ನನ್ನಲ್ಲಿಯೂ ಪೂರ್ಣ ಉತ್ತರವಿಲ್ಲ.

ಇರುಳ ಓದು
ಈ ದಾರಿಯಲ್ಲಿ ನಡೆದವರ ಮಾತು ಬಂದಾಗ ಜಿಮ್ಮಿ ಕಾರ್ಟರ್ ಅವರ ಹೆಸರು ಇನ್ನೂ ಬಾರದಿರುವುದು ಆಶ್ಚರ್ಯ. ಜಾರ್ಜಿಯಾದ ನೆಲಗಡಲೆ ಬೆಳೆಗಾರ, 1955ರಿಂದ ಸಮ್ಟರ್ ಕೌಂಟಿಯ ಶಿಕ್ಷಣ ಮಂಡಳಿಯಲ್ಲಿದ್ದರು, ಆಮೇಲೆ ಅದರ ಅಧ್ಯಕ್ಷರಾದರು. ಕೌಂಟಿಯ ಮತ್ತು ಅಮೆರಿಕಸ್ ಪಟ್ಟಣದ ಶಾಲೆಗಳನ್ನು ಒಂದುಗೂಡಿಸಬೇಕೆಂದು ಪ್ರಯತ್ನಿಸಿ, ಜನಮತದಲ್ಲಿ ಸೋತರು. ಆ ಸೋಲಿನ ಬಳಿಕವೇ, 1962ರಲ್ಲಿ, ರಾಜ್ಯದ ಸೆನೆಟ್‌ಗೆ ನಿಂತರು. ಸೋತವರು ಮುಂದಕ್ಕೆ ಹೋಗಬಹುದೇ ಎಂಬ ಪ್ರಶ್ನೆಗೆ ಇಲ್ಲಿಯೇ ಒಂದು ಉತ್ತರವಿದೆ.

ಆ ಚುನಾವಣೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕ್ವಿಟ್‌ಮನ್ ಎಂಬ ಸಣ್ಣ ಕೌಂಟಿಯನ್ನು ಜೋ ಹರ್ಸ್ಟ್ ಎಂಬ ಪಾಳೆಯಗಾರನಂಥ ವ್ಯಕ್ತಿ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ. ಅಲ್ಲಿನ ಜಾರ್ಜ್‌ಟೌನ್ ಮತಗಟ್ಟೆಯಲ್ಲಿ ಜನ ಮರೆಯಲ್ಲಿ ನಿಂತು ಮತ ಹಾಕುವಂತಿರಲಿಲ್ಲ, ಎಲ್ಲರೆದುರು ಮೇಜಿನ ಮೇಲೆಯೇ ಗುರುತು ಹಾಕಬೇಕಾಗಿತ್ತು. ಎಣಿಕೆಯಾದಾಗ ಕಾರ್ಟರ್ ಅಲ್ಪ ಅಂತರದಿಂದ ಸೋತಿದ್ದರು. ಅವರು ಬಿಡಲಿಲ್ಲ. ಊರಿನವರಿಂದ ಪ್ರಮಾಣಪತ್ರಗಳನ್ನು ಸಂಗ್ರಹಿಸಿದರು, ಅಟ್ಲಾಂಟಾದ ಪತ್ರಕರ್ತರೊಬ್ಬರು ಬಂದು ತನಿಖೆ ಮಾಡಿದರು. ಮತ ಹಾಕಿದ್ದಾರೆಂದು ಬರೆದಿದ್ದವರಲ್ಲಿ ಎಷ್ಟೋ ಜನ ವರ್ಣಮಾಲೆಯ ಅನುಕ್ರಮದಲ್ಲಿ ಒಬ್ಬರ ಹಿಂದೊಬ್ಬರು ಬಂದು ಮತ ಹಾಕಿದಂತೆ ದಾಖಲೆಯಿತ್ತು, ಅವರಲ್ಲಿ ತೀರಿಕೊಂಡವರೂ ಇದ್ದರು. ಬಂದ ಮತದಾರರಿಗಿಂತ ಪೆಟ್ಟಿಗೆಯಲ್ಲಿ ಮತಪತ್ರಗಳು ಹೆಚ್ಚಿದ್ದವು. ನ್ಯಾಯಾಧೀಶರು ಆ ಪೆಟ್ಟಿಗೆಯನ್ನೇ ತಳ್ಳಿಹಾಕಿದರು, ಕಾರ್ಟರ್ ಗೆದ್ದು 1963ರಲ್ಲಿ ಸೆನೆಟ್ ಪ್ರವೇಶಿಸಿದರು. ಹದಿನಾಲ್ಕು ವರ್ಷಗಳ ನಂತರ ಅವರು ಅಮೆರಿಕದ ಅಧ್ಯಕ್ಷರಾಗಿದ್ದರು.

ಹೇಮೆಯ ಮಗಳು
ಕಾರ್ಟರ್ ಅವರ ಮಂಡಳಿಯ ವರ್ಷಗಳನ್ನು ಇಷ್ಟು ಹೊಳಪಾಗಿ ಹೇಳುವುದು ಸರಿಯಲ್ಲ. ಅದು ಕಪ್ಪು ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿದ್ದ ಕಾಲ. 1954ರಲ್ಲಿಯೇ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕವೆಂದು ಸಾರಿದ್ದರೂ ಅವರ ಮಂಡಳಿ ಆ ವ್ಯವಸ್ಥೆಯನ್ನೇ ನಡೆಸಿಕೊಂಡು ಹೋಯಿತು. ಬಿಳಿಯ ಮಕ್ಕಳು ಬಸ್ಸಿನಲ್ಲಿ ಹೋಗುತ್ತಿದ್ದರು, ಕಪ್ಪು ಮಕ್ಕಳು ನಡೆದು ಹೋಗುತ್ತಿದ್ದರು ಎಂಬುದು ತಮ್ಮ ಮನಸ್ಸಿಗೆ ತಟ್ಟಲು ಕಾಲ ಹಿಡಿಯಿತೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ.

ಇರುಳ ಓದು
ಒಪ್ಪುತ್ತೇನೆ, ಅದನ್ನು ನಾನು ಬಿಡಬಾರದಾಗಿತ್ತು. ಆದರೆ ಆ ಮಂಡಳಿಯ ಕುರ್ಚಿಯಲ್ಲಿ ಕುಳಿತದ್ದರಿಂದಲೇ ಅವರ ಕಣ್ಣಿಗೆ ಆ ನಡೆದು ಹೋಗುವ ಮಕ್ಕಳು ಬಿದ್ದರು ಎಂಬುದನ್ನೂ ಸೇರಿಸಲು ಬಯಸುತ್ತೇನೆ.

ಪಶ್ಚಿಮದ ಮಳೆ
ವಾಷಿಂಗ್ಟನ್ ರಾಜ್ಯದ ಪ್ಯಾಟಿ ಮರ್ರಿ ಅವರನ್ನೂ ನೆನೆಯಿರಿ. ತಾಯಂದಿರು ಮತ್ತು ಪುಟ್ಟ ಮಕ್ಕಳು ಒಟ್ಟಿಗೆ ಹೋಗುತ್ತಿದ್ದ ಶಾಲಾಪೂರ್ವ ತರಗತಿಯ ಹಣವನ್ನು ರಾಜ್ಯ ಕಡಿತ ಮಾಡಲು ಹೊರಟಾಗ, ಆಕೆ ಮಕ್ಕಳನ್ನು ಕರೆದುಕೊಂಡು ರಾಜಧಾನಿಗೆ ಹೋದರು. ಟೆನ್ನಿಸ್ ಶೂ ಹಾಕಿದ ಒಬ್ಬ ಅಮ್ಮನಿಂದ ಏನೂ ಆಗದು ಎಂದು ಶಾಸಕರೊಬ್ಬರು ಹೇಳಿ ಕಳುಹಿಸಿದರು. ಆಕೆ ಸಾವಿರಾರು ಪೋಷಕರನ್ನು ಒಗ್ಗೂಡಿಸಿ ಆ ತರಗತಿಯನ್ನು ಉಳಿಸಿದರು. ನಂತರ ಶೋರ್‌ಲೈನ್ ಶಾಲಾ ಮಂಡಳಿ, 1988ರಲ್ಲಿ ರಾಜ್ಯದ ಸೆನೆಟ್, 1992ರಲ್ಲಿ ಅಮೆರಿಕದ ಸೆನೆಟ್. ಆ ಟೆನ್ನಿಸ್ ಶೂಗಳನ್ನೇ ಪ್ರಚಾರದ ಗುರುತಾಗಿಸಿಕೊಂಡರು. ಜೋಳದ ನಾಡು ಹೇಳಿದ ಕೀಲಿಕೈಯ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಬೆಳಗಾವಿ ಕುಂದಾ
ನಮ್ಮ ಜಿಲ್ಲೆಯವರ ಮಾತು ಬರಲೇಬೇಕು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅವರು ಶಾಲಾ ಮಂಡಳಿಯ ಹತ್ತಿರವೂ ಹೋದವರಲ್ಲ. 2018ರಲ್ಲಿ ನೇರವಾಗಿ ಮಿಷಿಗನ್ ಗವರ್ನರ್ ಹುದ್ದೆಗೆ, ಅದೂ ಬಹುಪಾಲು ಸ್ವಂತ ಹಣ ಹಾಕಿ, ಪಕ್ಷದೊಳಗಿನ ಆಯ್ಕೆಗೆ ನಿಂತರು. ಮೂರನೆಯವರಾಗಿ ಸೋತರು. ಆಮೇಲೆ 2020ರಲ್ಲಿ ಡೆಟ್ರಾಯಿಟ್‌ನಿಂದ ರಾಜ್ಯದ ಪ್ರತಿನಿಧಿ ಸಭೆಗೆ ಗೆದ್ದರು, 2022ರಲ್ಲಿ ಅಮೆರಿಕದ ಕಾಂಗ್ರೆಸ್‌ಗೆ. ಸೋಲು ಬಾಗಿಲು ಮುಚ್ಚುವುದಿಲ್ಲ ಎಂಬುದಕ್ಕೆ ಅವರೂ ಉದಾಹರಣೆ.

ತುಂಗಾತೀರ
ಸ್ವಂತ ಕೋಟಿಗಟ್ಟಲೆ ಹಣ ಇದ್ದವರ ಉದಾಹರಣೆಯನ್ನು ಹದಿನೈದು ಕುಟುಂಬಗಳ ಊರಿನ ಲೆಕ್ಕಪರಿಶೋಧಕಿಗೆ ಕೊಡುವುದರಿಂದ ಪ್ರಯೋಜನವಿಲ್ಲ.

ಬೆಳಗಾವಿ ಕುಂದಾ
ಹಣ ಇದ್ದಾಗಲೇ ಸೋತರು, ಒಂದು ಊರಿನಲ್ಲಿ ನಿಂತಾಗ ಗೆದ್ದರು ಎಂಬುದನ್ನೂ ಗಮನಿಸಬೇಕು ಎಂಬುದಷ್ಟೇ ನನ್ನ ಮಾತು.

ಕಾಯುವ ಸಾಲು
ನಾನು ಎಚ್‌-1ಬಿ ವೀಸಾದಲ್ಲಿದ್ದೇನೆ, ಗ್ರೀನ್ ಕಾರ್ಡಿಗಾಗಿ ಹನ್ನೆರಡು ವರ್ಷಗಳಿಂದ ಕಾಯುತ್ತಿದ್ದೇನೆ. ನನ್ನ ಇಬ್ಬರು ಮಕ್ಕಳು ಸರ್ಕಾರಿ ಶಾಲೆಯಲ್ಲಿದ್ದಾರೆ, ನಾನು ಆಸ್ತಿ ತೆರಿಗೆ ಕಟ್ಟುತ್ತೇನೆ. ಅಯೋವಾದಲ್ಲಿ ನನ್ನಂಥವರು ಶಾಲಾ ಮಂಡಳಿಗೆ ನಿಲ್ಲಬಹುದೇ? ಕನಿಷ್ಠ ಮತ ಹಾಕಬಹುದೇ?

ಜೋಳದ ನಾಡು
ಎರಡೂ ಆಗುವುದಿಲ್ಲ, ಹೇಳಲು ಬೇಸರವಾಗುತ್ತದೆ. ಶಾಲಾ ಮಂಡಳಿಗೆ ನಿಲ್ಲುವವರು ಆ ಜಿಲ್ಲೆಯಲ್ಲಿ ಮತದಾನಕ್ಕೆ ಅರ್ಹರಾಗಿರಬೇಕು, ಅಂದರೆ ಹದಿನೆಂಟು ತುಂಬಿದ ಅಮೆರಿಕದ ಪ್ರಜೆಯಾಗಿರಬೇಕು. ಪ್ರತಿನಿಧಿ ಸಭೆಗೆ ವಯಸ್ಸು 21, ಸೆನೆಟ್‌ಗೆ 25. ರಾಜ್ಯದಲ್ಲಿ ಒಂದು ವರ್ಷ, ಕ್ಷೇತ್ರದಲ್ಲಿ 60 ದಿನ ವಾಸವಿರಬೇಕು. ಆದರೆ ಮಂಡಳಿಯ ಸಭೆಗಳು ತೆರೆದ ಸಭೆಗಳು. ಸಾರ್ವಜನಿಕರ ಮಾತಿಗೆ ಮೀಸಲಾದ ಸಮಯದಲ್ಲಿ ಪೋಷಕರು ಮಾತನಾಡಬಹುದು, ಅಲ್ಲಿ ನಿಮ್ಮ ವೀಸಾವನ್ನು ಯಾರೂ ಕೇಳುವುದಿಲ್ಲ. ಪ್ರಜೆಯಾಗುವವರೆಗೆ ಕಾಯದೆ ಈಗಲೇ ಹೋಗಿ. ಮುಂದೊಂದು ದಿನ ನೀವು ನಿಂತಾಗ ಜನ ನಿಮ್ಮನ್ನು ಗುರುತಿಸುತ್ತಾರೆ.

ಹೊಸ್ತಿಲು
ನಾನು ಬೇರೊಂದು ರಾಜ್ಯದಲ್ಲಿ ಶಾಲಾ ಮಂಡಳಿಗೆ ಎರಡು ಬಾರಿ ನಿಂತವಳು. ಒಮ್ಮೆ ಸೋತೆ, ಒಮ್ಮೆ ಗೆದ್ದೆ. ಮೊದಲ ಬಾರಿ ನಾನು ಮಾಡಿದ ತಪ್ಪನ್ನು ಹೇಳಿದರೆ ನಿಮ್ಮ ಗೆಳತಿಗೆ ಉಪಯೋಗವಾದೀತು. ಭಾರತೀಯರು ಹೆಚ್ಚಿರುವ ಬಡಾವಣೆಗಳಲ್ಲಿಯೇ ನಾನು ಬಾಗಿಲು ತಟ್ಟಿದೆ. ಅಲ್ಲಿ ಕಾಫಿ ಸಿಕ್ಕಿತು, ಹಾರೈಕೆ ಸಿಕ್ಕಿತು, ಮತ ಸಿಗಲಿಲ್ಲ, ಏಕೆಂದರೆ ಅಲ್ಲಿನ ಅರ್ಧ ಜನರಿಗೆ ಮತದಾನದ ಹಕ್ಕೇ ಇರಲಿಲ್ಲ. ಎರಡನೆಯ ಬಾರಿ ಮತದಾರರ ಪಟ್ಟಿ ತೆಗೆದುಕೊಂಡು, ಹಿಂದಿನ ಶಾಲಾ ಚುನಾವಣೆಗಳಲ್ಲಿ ನಿಜವಾಗಿ ಮತ ಹಾಕಿದವರ ಮನೆಗಳಿಗೆ ಮಾತ್ರ ಹೋದೆ. ಬಹುಪಾಲು ವಯಸ್ಸಾದವರು, ಮಕ್ಕಳ ಶಾಲೆಯ ಕಾಲ ಮುಗಿಸಿದವರು. ಅವರು ನನ್ನ ಉಚ್ಚಾರಣೆಯ ಬಗ್ಗೆ ಕೇಳಲಿಲ್ಲ. ತೆರಿಗೆ ಎಷ್ಟು ಏರುತ್ತದೆ, ಹಳೆಯ ಶಾಲೆಯ ಕಟ್ಟಡವನ್ನು ಏನು ಮಾಡುತ್ತೀರಿ ಎಂದು ಕೇಳಿದರು. ಒಬ್ಬ ವೃದ್ಧ ರೈತರು ಮುಂಬಾಗಿಲಿನಲ್ಲಿಯೇ ನಿಲ್ಲಿಸಿಕೊಂಡು ನಲವತ್ತು ನಿಮಿಷ ಪ್ರಶ್ನೆ ಕೇಳಿ, ಕೊನೆಗೆ ತಮ್ಮ ಅಂಗಳದಲ್ಲಿ ನನ್ನ ಫಲಕ ನೆಡಲು ಒಪ್ಪಿದರು. ಆ ಒಂದು ಫಲಕ ನೋಡಿ ಆ ರಸ್ತೆಯಲ್ಲಿ ಇನ್ನೂ ಆರು ಮನೆಯವರು ಒಪ್ಪಿದರು.

ಶಾಸನಸಭೆಯ ಲೆಕ್ಕವೇ ಬೇರೆ. ಅಲ್ಲಿ ಮತಪತ್ರದ ಮೇಲೆ ಪಕ್ಷದ ಹೆಸರಿರುತ್ತದೆ, ಎಷ್ಟೋ ಜನ ಅದನ್ನು ನೋಡಿಯೇ ಮತ ಹಾಕುತ್ತಾರೆ. ನಿಮ್ಮ ಗೆಳತಿಯನ್ನು ಕೇಳಿಕೊಂಡು ಬಂದ ಪಕ್ಷವು ಆ ಕ್ಷೇತ್ರದಲ್ಲಿ ಹಿಂದೆ ಎಷ್ಟು ಅಂತರದಿಂದ ಸೋತಿದೆ ಎಂದು ಅವರು ಕೇಳಿದ್ದಾರೆಯೇ? ಗೆಲ್ಲಲು ಸಾಧ್ಯವೇ ಇಲ್ಲದ ಕ್ಷೇತ್ರದಲ್ಲಿ ಹೆಸರು ತುಂಬಿಸಲು ಹೊಸಬರನ್ನು ಹುಡುಕುವ ಪದ್ಧತಿ ಎಲ್ಲ ಕಡೆಯೂ ಇದೆ.

ಧಾರವಾಡದ ಮೇಷ್ಟ್ರು
ತಂಗೀ, ನೀವು ಬರೆದದ್ದು ಚಿನ್ನದಂಥ ಮಾತು. ಇನ್ನೊಂದನ್ನು ಸೇರಿಸುತ್ತೇನೆ. ಒಮ್ಮೆ ಪಕ್ಷದ ಹೆಸರಿನಲ್ಲಿ ನಿಂತು ಸೋತು, ಆಮೇಲೆ ಪಕ್ಷವಿಲ್ಲದ ಶಾಲಾ ಮಂಡಳಿಗೆ ಬಂದರೆ, ಎದುರು ಪಕ್ಷದ ಮನೆಗಳ ಬಾಗಿಲು ಮೊದಲಿನಷ್ಟು ಸುಲಭವಾಗಿ ತೆರೆಯಲಾರದು. ಮಂಡಳಿಯಿಂದ ಶಾಸನಸಭೆಗೆ ಹೋಗುವ ದಾರಿ ಅಗಲವಾಗಿದೆ, ಮರಳಿ ಬರುವ ದಾರಿ ಇಕ್ಕಟ್ಟಾಗಿದೆ. ನಮ್ಮ ಪಂಚಾಯಿತಿಗಳಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ಜೋಳದ ನಾಡು
ಮೇಷ್ಟ್ರ ಈ ಮಾತಿನ ಮುಂದೆ ನನ್ನ ವಾದ ಸ್ವಲ್ಪ ಬಾಗುತ್ತದೆ. ಕೀಲಿಕೈ ಡೆ ಮೊಯಿನ್‌ನಲ್ಲಿದೆ ಎಂಬುದು ಈಗಲೂ ನನ್ನ ನಂಬಿಕೆ. ಆದರೆ ಯಾವಾಗ ಹೋಗಬೇಕೆಂಬ ವಿಷಯದಲ್ಲಿ ಹೇಮೆಯ ಮಗಳು ಹೇಳಿದ ಕ್ರಮವೇ ಸರಿಯಿರಬಹುದು. ಇನ್ನೊಂದು ಪ್ರಾಯೋಗಿಕ ಸಂಗತಿಯೂ ಇದೆ. ಅಯೋವಾದ ಶಾಸಕರ ಸಂಬಳ ವರ್ಷಕ್ಕೆ 25,000 ಡಾಲರ್. ಜನವರಿಯಿಂದ ವಸಂತದವರೆಗೆ ಅಧಿವೇಶನ, ವಾರದ ಬಹುಪಾಲು ದಿನ ರಾಜಧಾನಿಯಲ್ಲಿರಬೇಕು. ಲೆಕ್ಕಪರಿಶೋಧಕರಿಗೆ ಅದೇ ಆದಾಯ ತೆರಿಗೆಯ ಕೆಲಸದ ಕಾಲ. ಮನೆಯವರೆಲ್ಲ ಕುಳಿತು ಇದನ್ನು ಲೆಕ್ಕ ಹಾಕಿದ್ದಾರೆಯೇ?

ಸೀಡರ್ ದಂಡೆ
ಎಲ್ಲರಿಗೂ ವಂದನೆಗಳು. ನಿನ್ನೆ ಸಂಜೆ ಗೆಳತಿ ನಮ್ಮ ಮನೆಗೆ ಬಂದಿದ್ದರು. ಅಡುಗೆಮನೆಯ ಮೇಜಿನ ಮೇಲೆ ಈ ಚರ್ಚೆಯನ್ನು ಮೊದಲಿಂದ ಕೊನೆಯವರೆಗೆ ಇಬ್ಬರೂ ಓದಿದೆವು. ಹೊಸ್ತಿಲು ಅವರ ಪ್ರಶ್ನೆಯನ್ನು ಅವರು ಪಕ್ಷದವರಿಗೆ ಕೇಳಿರಲಿಲ್ಲ. ಓದಿದ ಮೇಲೆ ಅಲ್ಲಿಂದಲೇ ಫೋನ್ ಮಾಡಿ ಕೇಳಿದರು. ಕಳೆದ ಎರಡು ಚುನಾವಣೆಗಳಲ್ಲಿ ಆ ಕ್ಷೇತ್ರಕ್ಕೆ ಆ ಪಕ್ಷದಿಂದ ಅಭ್ಯರ್ಥಿಯೇ ಇರಲಿಲ್ಲವಂತೆ. ಉತ್ತರ ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಅವರ ನಿರ್ಧಾರ ಹೀಗಿದೆ. ಈ ಬಾರಿ ಶಾಸನಸಭೆಗೆ ನಿಲ್ಲುವುದಿಲ್ಲ, ಮುಂದಿನ ಬೆಸವರ್ಷದ ನವೆಂಬರಿನಲ್ಲಿ ಮತ್ತೆ ಶಾಲಾ ಮಂಡಳಿಗೆ ನಿಲ್ಲುತ್ತಾರೆ. ಅಲ್ಲಿಯವರೆಗೆ ಮಂಡಳಿಯ ಯಾವ ಸಭೆಯನ್ನೂ ತಪ್ಪಿಸುವುದಿಲ್ಲವಂತೆ. ಮಾತಿನ ನಡುವೆ ತುಂಗಾತೀರದವರ ವಿಷಯ ಬಂದಾಗ, ‘ಗೆದ್ದರೆ ನಾಲ್ಕು ವರ್ಷ ಪೂರ್ತಿ ಇರುತ್ತೇನೆಂದು ಅವರಿಗೆ ಬರೆದು ತಿಳಿಸಿ’ ಎಂದರು.

ತುಂಗಾತೀರ
ತಿಳಿಯಿತು. ಅವರಿಗೆ ನನ್ನ ನಮಸ್ಕಾರ ಹೇಳಿರಿ.

ಹೊಸ್ತಿಲು
ಮತದಾರರ ಪಟ್ಟಿಯನ್ನು ಈಗಲೇ ಕೌಂಟಿಯ ಚುನಾವಣಾ ಕಚೇರಿಯಿಂದ ತರಿಸಿಕೊಳ್ಳಲು ಹೇಳಿರಿ. ಶಾಲಾ ಚುನಾವಣೆಗಳಲ್ಲಿ ಮತ ಹಾಕಿದವರನ್ನು ಬೇರ್ಪಡಿಸಿ, ರಸ್ತೆವಾರು ಜೋಡಿಸುವ ಕೆಲಸವನ್ನು ನಾನು ಇಲ್ಲಿಂದಲೇ ಮಾಡಿಕೊಡುತ್ತೇನೆ.

ಕಾಯುವ ಸಾಲು
ನಾನು ನಿಮ್ಮ ಊರಿನಿಂದ ಎರಡು ಗಂಟೆಯ ದಾರಿಯಲ್ಲಿದ್ದೇನೆ, ಅಕ್ಕಾ. ಮತ ಹಾಕಲಾರೆನಾದರೂ ಶನಿವಾರಗಳಂದು ಫಲಕ ನೆಡಲು, ಬಾಗಿಲು ತಟ್ಟುವವರ ಜೊತೆ ನಡೆಯಲು ಬರುತ್ತೇನೆ. ದೊಡ್ಡ ಮಗಳೂ ಬರುತ್ತೇನೆ ಎನ್ನುತ್ತಿದ್ದಾಳೆ.